ಗೇಟಿನ ಹೊರಗೇ ಉಳಿಯಬೇಕಾದ ಪಿಸ್ತೂಲು

(ತಾಳಿಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ತಾಳಿಕೋಟೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1565ರ ಯುದ್ಧ. ತೋಪು, ಕೋವಿಗಳ ಆ ಯುದ್ಧದ ಬಗ್ಗೆ ನಾನು ಇಂದು ಮಾತಾಡುವುದಿಲ್ಲ. ನನ್ನ ವಿಷಯ ಅದಕ್ಕಿಂತ ಬಹಳ ಚಿಕ್ಕ ಆಯುಧ, ಅಂಗಿಯೊಳಗೆ ಅಡಗಬಲ್ಲ ಪಿಸ್ತೂಲು. ಅದನ್ನು ಇಟ್ಟುಕೊಂಡು ಕಾಲೇಜಿನೊಳಗೆ ಬರಬಹುದೆ? ಅಮೆರಿಕದ ಕೆಲವು ರಾಜ್ಯಗಳ ಕಾನೂನು ಬರಬಹುದು ಎನ್ನುತ್ತದೆ. ನಮ್ಮ ಕಾನೂನು ಕೂಡದು ಎನ್ನುತ್ತದೆ. ಈ ‘ಕೂಡದು’ ಎಂಬುದರ ಹಿಂದೆ ದೊಡ್ಡ ಇತಿಹಾಸವಿದೆ. ಅದು ಆರಂಭವಾಗುವುದು ನಮ್ಮದೇ ಸೀಮೆಯ ಒಂದು ಹಳ್ಳಿಯಿಂದ.

ಹಲಗಲಿಯ ಬೇಡರ ಕಥೆಯನ್ನು ನೀವು ಲಾವಣಿಯಲ್ಲಿ ಕೇಳಿದ್ದೀರಿ. ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿರುವ ಆ ಊರು ಆಗ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರ ದಂಗೆಯಿಂದ ಬೆದರಿದ ಕಂಪನಿ ಸರ್ಕಾರ, ಜನರು ತಮ್ಮಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಬೇಟೆಗೂ ಕಾವಲಿಗೂ ಆಯುಧವನ್ನೇ ನಂಬಿದ್ದ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಮುತ್ತಿತು. ಮನೆಗಳಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಮುಂದೆ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವನು ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್.

ಇದಾದ ಮೇಲೆ 1878ರಲ್ಲಿ, ಲಿಟ್ಟನ್ ವೈಸರಾಯ್ ಆಗಿದ್ದಾಗ, ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಪರವಾನಗಿ ಬೇಕು, ಯೂರೋಪಿಯನ್ನನಿಗೆ ಬೇಡ ಎಂಬ ಭೇದ ಅದರಲ್ಲಿತ್ತು. ಸ್ವಾತಂತ್ರ್ಯ ಹೋರಾಟಗಾರರಿಗೆ ಇದು ಅವಮಾನವಾಗಿ ಕಂಡದ್ದು ಸಹಜ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಒಪ್ಪಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು.

ಹಾಗಾದರೆ ಸ್ವತಂತ್ರ ಭಾರತದ ಸಂವಿಧಾನದಲ್ಲಿ ಆ ಹಕ್ಕು ಏಕಿಲ್ಲ? ಕೇಳಿದವರು ಇರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಹುದ್ದೆ ತೊರೆದು ಹೋರಾಟಕ್ಕೆ ಇಳಿದಿದ್ದ ಎಚ್.ವಿ. ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಈ ತಿದ್ದುಪಡಿ ತಂದರು. ಕರಾಚಿಯಲ್ಲಿ ಕೊಟ್ಟ ಮಾತನ್ನು ನೆನಪಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಎಲ್ಲರಿಗೂ ಆಯುಧದ ಹಕ್ಕು ಎಂದರೆ ಕಳ್ಳರಿಗೂ ಅಪರಾಧಿಗಳಿಗೂ ಅದೇ ಹಕ್ಕು ದೊರೆತಂತಾಗುತ್ತದೆ ಎಂಬುದು ಅವರ ವಾದವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು.

ಅದರ ಬದಲು ಸಂವಿಧಾನದಲ್ಲಿ ಏನು ಉಳಿಯಿತು ನೋಡಿ. 19ನೆಯ ವಿಧಿ ನಮಗೆ ಸಭೆ ಸೇರುವ ಹಕ್ಕು ಕೊಡುತ್ತದೆ, ಆದರೆ ಶಾಂತಿಯಿಂದ ಮತ್ತು ಆಯುಧಗಳಿಲ್ಲದೆ. ಈ ‘ಆಯುಧಗಳಿಲ್ಲದೆ’ ಎಂಬ ಒಂದು ಪದದಲ್ಲಿ ಇಡೀ ವಿಚಾರ ಅಡಗಿದೆ. ನಾಲ್ಕು ಜನ ಕೂಡಿ ಮಾತಾಡುವ ಜಾಗಕ್ಕೂ ಆಯುಧಕ್ಕೂ ಹೊಂದುವುದಿಲ್ಲ ಎಂಬುದೇ ಅದರ ಅರ್ಥ. ತರಗತಿಯೂ ಒಂದು ಸಭೆಯೇ ಅಲ್ಲವೆ?

1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರಲ್ಲಿ ಬಿಳಿಯರು, ಕರಿಯರೆಂಬ ಭೇದ ಇರಲಿಲ್ಲ. ಬಂದೂಕು ಬೇಕೆನ್ನುವವನು ಕಾರಣ ಹೇಳಬೇಕೆಂಬ ತತ್ವ ಉಳಿಯಿತು. ಇಪ್ಪತ್ತೊಂದು ತುಂಬದವರು ಬಂದೂಕು ಹೊಂದುವಂತಿಲ್ಲ. ಎಂದರೆ ಇಲ್ಲಿ ಕುಳಿತಿರುವ ಬಹುತೇಕರಿಗೆ ಪ್ರಶ್ನೆಯೇ ಏಳುವುದಿಲ್ಲ. ಗುರಿ ಅಭ್ಯಾಸಕ್ಕೆ, ಎನ್‌ಸಿಸಿಗೆ ಪ್ರತ್ಯೇಕ ಅವಕಾಶವಿದೆ. ಎನ್‌ಸಿಸಿ ರೈಫಲ್ ಎಲ್ಲರ ಕಣ್ಣೆದುರು, ಅಧಿಕಾರಿಯ ಸುಪರ್ದಿನಲ್ಲಿ ಇರುತ್ತದೆ. ಅದಕ್ಕೂ ಸೊಂಟದಲ್ಲಿ ಸಿಕ್ಕಿಸಿಕೊಂಡ ಪಿಸ್ತೂಲಿಗೂ ಅಜಗಜಾಂತರ.

ಇನ್ನು, ಪರವಾನಗಿ ಇದ್ದವರೂ ಓದದೆ ಬಿಡುವ ಒಂದು ಷರತ್ತನ್ನು ಹೇಳುತ್ತೇನೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅಪ್ಪಣೆ ಇಲ್ಲದೆ, ಪರವಾನಗಿದಾರನು ತನ್ನ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ ಅಥವಾ ಶಿಕ್ಷಣ ಸಂಸ್ಥೆಯ ಆವರಣಕ್ಕೆ ಒಯ್ಯಕೂಡದು. ಊರಿನ ಎಂಥ ದೊಡ್ಡ ಮನುಷ್ಯನಾದರೂ ಬಂದೂಕು ಕಾಲೇಜಿನ ಗೇಟಿನ ಹೊರಗೇ ಉಳಿಯಬೇಕು.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿ ಆಯುಧ ಹೊಂದುವುದು ಸಂವಿಧಾನವೇ ಕೊಟ್ಟ ಹಕ್ಕು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಒಬ್ಬರು. ಅಲ್ಲಿನ ವಿಶ್ವವಿದ್ಯಾಲಯ ಬಂದೂಕು ನಿಷೇಧಿಸಿತ್ತು. ಆದರೂ ಕೊಲೆಗಾರ ತಂದ. ಸತ್ತವರ ಕೈ ಮಾತ್ರ ಬರಿದಾಗಿತ್ತು ಎಂದು ಒಂದು ಪಕ್ಷ ವಾದಿಸಿತು. ಯೂಟಾ ರಾಜ್ಯ ಅದಕ್ಕೂ ಮೊದಲೇ, 2004ರಲ್ಲಿ, ಇಂಥ ಕಾನೂನು ಮಾಡಿತ್ತು. ಟೆಕ್ಸಾಸ್ 2015ರಲ್ಲಿ ಮಾಡಿತು: ಪರವಾನಗಿ ಇದ್ದವರು ಸರ್ಕಾರಿ ವಿಶ್ವವಿದ್ಯಾಲಯದೊಳಗೆ ಪಿಸ್ತೂಲನ್ನು ಮರೆಮಾಡಿ ಒಯ್ಯಬಹುದು. ಅದು ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು. ಸರಿಯಾಗಿ 50 ವರ್ಷಗಳ ಹಿಂದೆ, 1966ರ ಅದೇ ದಿನ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರವೇರಿದ ಬಂದೂಕುಧಾರಿಯೊಬ್ಬ ಕೆಳಗಿದ್ದವರ ಮೇಲೆ ಗುಂಡಿನ ಮಳೆಗರೆದಿದ್ದ!

ಅದೇ ವಿಶ್ವವಿದ್ಯಾಲಯದ ಮೂವರು ಅಧ್ಯಾಪಕಿಯರು ನ್ಯಾಯಾಲಯಕ್ಕೆ ಹೋದರು. ಯಾರ ಚೀಲದಲ್ಲಿ ಏನಿದೆಯೋ ತಿಳಿಯದಾಗ ವಿವಾದದ ವಿಷಯಗಳನ್ನು ಮುಕ್ತವಾಗಿ ಚರ್ಚಿಸಲಾಗದು ಎಂಬುದು ಅವರ ದೂರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ದೂರನ್ನು ತಳ್ಳಿಹಾಕಿತು. ಅಲ್ಲಿ ಸೋತರೂ ಅವರ ಮಾತಿನಲ್ಲಿ ಸತ್ಯವಿದೆ ಎಂದು ನನ್ನ ಅನಿಸಿಕೆ. ಕಡಿಮೆ ಅಂಕ ಕೊಡುವಾಗ, ಎದುರು ಮಾತಾಡುವಾಗ ಕೈ ನಡುಗಿದರೆ ಅದು ವಿದ್ಯಾಲಯವಾಗಿ ಉಳಿಯುವುದಿಲ್ಲ.

ಆದರೆ ಟೆಕ್ಸಾಸಿನವರ ಪ್ರಶ್ನೆಯನ್ನು ನಾವು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪರವಾನಗಿ ಇಲ್ಲದವನು ಗೇಟನ್ನು ಕೇಳಿ ಒಳಗೆ ಬರುತ್ತಾನೆಯೆ? ನಮ್ಮ ಇಂಡಿ, ಸಿಂದಗಿ, ಚಡಚಣ ಕಡೆಯ ಭೀಮಾತೀರಕ್ಕೆ ಕಂಟ್ರಿ ಪಿಸ್ತೂಲಿನಿಂದ ಅಂಟಿದ ಕೆಟ್ಟ ಹೆಸರು ನಿಮಗೆ ಗೊತ್ತು. ಸಿಂದಗಿ ತಾಲ್ಲೂಕಿನವರೇ ಆದ ಸಂಶೋಧಕ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. 2017ರಲ್ಲಿ ಗೌರಿ ಲಂಕೇಶರನ್ನು ಕೊಂದದ್ದೂ ಅದೇ ನಾಡ ಪಿಸ್ತೂಲು ಎಂದು ತನಿಖಾ ತಂಡ ಹೇಳಿದೆ. ಬದುಕಿಡೀ ಪಾಠ ಹೇಳಿದ, ಶಾಸನ ಓದಿದ, ವಾದ ಮಾಡಿದ ಮೇಷ್ಟ್ರಿಗೆ ಉತ್ತರವಾಗಿ ಬಂದದ್ದು ಒಂದು ಗುಂಡು.

ಹಾಗೆಂದು ಕಲಬುರ್ಗಿಯವರ ಕೈಯಲ್ಲೂ ಒಂದು ಪಿಸ್ತೂಲು ಇರಬೇಕಿತ್ತು ಎನ್ನೋಣವೆ? ಬಾಗಿಲು ತಟ್ಟಿದವರಿಗೆಲ್ಲ ಪಿಸ್ತೂಲು ಹಿಡಿದೇ ಬಾಗಿಲು ತೆರೆಯುವ ಮೇಷ್ಟ್ರ ಮನೆಗೆ ಯಾವ ವಿದ್ಯಾರ್ಥಿ ಸಂಶಯ ಕೇಳಲು ಹೋದಾನು?

ನಮ್ಮ ಕಾನೂನಿನ ಬಲ ಬೇರೆ ಕಡೆ ಇದೆ. ಪರವಾನಗಿ ಇಲ್ಲದ ಪಿಸ್ತೂಲು ಹಾರಬೇಕಾಗಿಲ್ಲ. ಅದು ಕೈಯಲ್ಲಿರುವುದೇ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ. ತಯಾರಿಸುವವನಿಗೆ, ಮಾರುವವನಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಎಂದರೆ, ಗುಂಡು ಹಾರುವ ಮೊದಲೇ ಪೊಲೀಸರು ತಡೆಯಬಹುದು. ಹೊತ್ತು ತಿರುಗುವುದೇ ಹಕ್ಕಾಗಿರುವ ಕಡೆ ಆ ಅವಕಾಶ ಕುಗ್ಗುತ್ತದೆ. ಆದರೆ ಈ ಬಲ ಕೆಲಸಕ್ಕೆ ಬರುವುದು ಯಾರಾದರೂ ಬಾಯಿ ಬಿಟ್ಟಾಗ ಮಾತ್ರ. ಗೆಳೆಯನೊಬ್ಬ ಹಾಸ್ಟೆಲಿನಲ್ಲಿ ಪಿಸ್ತೂಲು ತೋರಿಸಿ ಜಂಬ ಪಟ್ಟರೆ ನೀವು ನಕ್ಕು ಸುಮ್ಮನಾಗುವಿರೋ, ಗುರುಗಳಿಗೆ ತಿಳಿಸುವಿರೋ ಎಂಬುದರ ಮೇಲೆ ಕಾಯ್ದೆಯ ಜೀವ ನಿಂತಿದೆ.

ಹಲಗಲಿಯವರಿಂದ ಆಯುಧ ಕಿತ್ತುಕೊಂಡದ್ದು ಅವರ ಬಾಯಿ ಮುಚ್ಚಿಸಲು. ನಮ್ಮ ಸಂವಿಧಾನ ಆಯುಧವನ್ನು ಸಭೆಯ ಹೊರಗಿಟ್ಟದ್ದು ಎಲ್ಲರಿಗೂ ಬಾಯಿ ಕೊಡಲು. ಎರಡೂ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಉಳಿಸಿಕೊಳ್ಳುವ ಹೊಣೆ ಇಲ್ಲಿ ಕುಳಿತವರದು.