ಎಳ್ಳುಂಡೆಯ ಸತ್ವ: ಹೊಗಳಿಕೆ ಎಷ್ಟು, ವಾಸ್ತವ ಎಷ್ಟು?

(ಉಪನ್ಯಾಸದ ಲಿಖಿತ ರೂಪ)



ಗಂಗಾಮೂಲದಲ್ಲಿ ಹುಟ್ಟುವ ಭದ್ರೆಯ ನೀರು ಲಕ್ಕವಳ್ಳಿಯ ಜಲಾಶಯದಲ್ಲಿ ತಂಗಿ, ನಾಲೆಗಳ ಮೂಲಕ ಹರಿಹರ ತಾಲ್ಲೂಕಿನ ಬಯಲಿಗೆ ಇಳಿಯುತ್ತದೆ. ಆ ತಾಲ್ಲೂಕಿನ ನಂದಿಗುಡಿಯ ಸೀಮೆಯಲ್ಲಿ ಶ್ರಾವಣವೆಂದರೆ ನಾಗರ ಪಂಚಮಿ, ಪಂಚಮಿಯೆಂದರೆ ಉಂಡೆ. ಶೇಂಗಾ, ಪುಟಾಣಿ, ಎಳ್ಳು, ಎಲ್ಲಕ್ಕೂ ಬೆಲ್ಲದ ಪಾಕ. ಇವುಗಳಲ್ಲಿ ಎಳ್ಳುಂಡೆಯ ಬಗ್ಗೆ ಹೊಗಳಿಕೆಯೂ ಹೆಚ್ಚು, ತಪ್ಪು ತಿಳಿವಳಿಕೆಯೂ ಹೆಚ್ಚು.

ಎಳ್ಳು, ಬೆಲ್ಲ ಸಮತೂಕವಾಗಿ ಸೇರಿದ 20 ಗ್ರಾಂ ತೂಕದ ಒಂದು ಉಂಡೆಯನ್ನು ತೆಗೆದುಕೊಳ್ಳೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಂತೆ ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು 95 ಕಿಲೋ ಕ್ಯಾಲರಿ ಶಕ್ತಿ, 4 ಗ್ರಾಂಗೆ ತುಸು ಮಿಕ್ಕ ಕೊಬ್ಬು, 2 ಗ್ರಾಂಗೆ ತುಸು ಕಡಿಮೆ ಪ್ರೋಟೀನು, ಸುಮಾರು 150 ಮಿಲಿಗ್ರಾಂ ಸುಣ್ಣ, 1 ಮಿಲಿಗ್ರಾಂಗೆ ಸ್ವಲ್ಪ ಮಿಕ್ಕ ಕಬ್ಬಿಣವಿರುತ್ತದೆ. ತಳಿ ಹಾಗೂ ಮಣ್ಣಿಗನುಗುಣವಾಗಿ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ. ಇದರಲ್ಲಿ ಬೆಲ್ಲದ ಪಾಲು ಬಹುತೇಕ ಸಿಹಿ ಮಾತ್ರ, ಸತ್ವವೆಲ್ಲ ಎಳ್ಳಿನದು. ಬೆಲ್ಲವು ಸಕ್ಕರೆಗಿಂತ ತುಸು ಮೇಲಾದರೂ ಅದು ಔಷಧವಲ್ಲ. ದಿನಕ್ಕೆ ಸೇರಿಸಿದ ಸಕ್ಕರೆಯು ಸುಮಾರು 25 ಗ್ರಾಂ ಮೀರದಿದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಎರಡು ಉಂಡೆಗಳಲ್ಲಿಯೇ ಅದರ ಬಹುಪಾಲು ಮುಗಿಯುತ್ತದೆ.

ಸುಣ್ಣದ ವಿಚಾರದಲ್ಲಿಯೂ ಎಚ್ಚರ ಬೇಕು. ಎಳ್ಳಿನ ಸುಣ್ಣದ ಹೆಚ್ಚಿನ ಪಾಲು ಸಿಪ್ಪೆಯಲ್ಲಿದೆ. ಸಿಪ್ಪೆ ತೆಗೆದ ಅಚ್ಚ ಬಿಳಿ ಎಳ್ಳಿನಲ್ಲಿ ಅದು ಅತ್ಯಲ್ಪ. ಸಿಪ್ಪೆ ಸಹಿತ ತಿಂದರೂ ಆಕ್ಸಲೇಟ್ ಎಂಬ ಲವಣಾಂಶವು ಸುಣ್ಣವನ್ನು ಹಿಡಿದಿಡುವುದರಿಂದ ದೇಹಕ್ಕೆ ದಕ್ಕುವುದು ಸ್ವಲ್ಪವೇ. ಆದುದರಿಂದ ಎಳ್ಳುಂಡೆಯು ಹಾಲಿಗೆ, ರಾಗಿಗೆ ಜೊತೆಗಾರನಾದೀತು, ಬದಲಿಯಾಗಲಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆಯಿದೆ. ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂಬುದು ಶಿಫಾರಸು. "ಎಳ್ಳುಂಡೆ ತಿನ್ನು, ರಕ್ತ ಬರುತ್ತದೆ" ಎಂದು ಹೇಳಿ ಬಸುರಿಯ ಕಬ್ಬಿಣದ ಮಾತ್ರೆಯನ್ನು ಪಕ್ಕಕ್ಕಿಡುವುದು ಅಪಾಯಕರ. ಮಾತ್ರೆ ನಡೆಯಲಿ, ಉಂಡೆಯೂ ಇರಲಿ. ಉಂಡೆಯೊಡನೆ ಚಹಾ ಬೇಡ. ನಿಂಬೆ, ನೆಲ್ಲಿ ಅಥವಾ ಪೇರಲೆ ಇದ್ದರೆ ಕಬ್ಬಿಣವು ಹೆಚ್ಚು ದಕ್ಕುತ್ತದೆ.

ಇನ್ನು ಹೊಲದ ಮಾತು. ಎಳ್ಳು ಮೂರು ತಿಂಗಳ ಆಸುಪಾಸಿನಲ್ಲಿ, ಅಲ್ಪ ಮಳೆಯಲ್ಲಿ ಕೈಗೆ ಬರುವ ಬೆಳೆ. ಬುಡದಲ್ಲಿ ನೀರು ನಿಂತರೆ ಬದುಕದು. ಭದ್ರಾ ನಾಲೆಯ ಬಯಲಿಗೆ ಭತ್ತ ಬಂದಿತು, ಹಲವರ ಬದುಕು ಹಸನಾಯಿತು. ಆದರೆ ನೀರು ನಿಲ್ಲುವ ಗದ್ದೆಯಲ್ಲಿ ಎಳ್ಳಿಗೆ ಎಡೆಯಿಲ್ಲ. ಮಲೆನಾಡಿನಲ್ಲಿ ಅಡಿಕೆಯೊಂದೇ ಹಬ್ಬುತ್ತಿರುವಲ್ಲಿಯೂ ಕಥೆ ಬೇರೆಯಲ್ಲ. ಬೆಳೆ ಹೋದ ಮೇಲೆ ಹಬ್ಬ ಉಳಿಯುತ್ತದೆ, ಎಳ್ಳು ಅಂಗಡಿಯಿಂದ ಬರುತ್ತದೆ. ವರ್ಷವಿಡೀ ಚಟ್ನಿಪುಡಿಯಲ್ಲಿ, ರೊಟ್ಟಿಯ ಮೇಲೆ ಸಿಗುತ್ತಿದ್ದ ಸತ್ವವು ಒಂದು ದಿನದ ಸಿಹಿಯಾಗಿ ಕುಗ್ಗುತ್ತದೆ. ಕೇರಳದ ಓಣಾಟ್ಟುಕರದ ರೈತರು ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ಹಸಿಯನ್ನೇ ನಂಬಿ ಬೇಸಿಗೆಯ ಎಳ್ಳು ಬೆಳೆಯುತ್ತಾರೆ. ನೀರು ಬಸಿಯುವ ಗದ್ದೆಯ ಒಂದು ಮೂಲೆಯಲ್ಲಿ ಈ ಪ್ರಯೋಗವನ್ನು ವಿದ್ಯಾರ್ಥಿಗಳು ತಮ್ಮ ಮನೆಯವರೊಡನೆ ಮಾಡಿ ನೋಡಬಹುದು.

ಉಂಡೆ ಒಂದಿರಲಿ, ಎಳ್ಳು ಸಿಪ್ಪೆ ಸಹಿತವಿರಲಿ, ಅದು ಹೊಲದಲ್ಲಿಯೂ ಇರಲಿ.