ಕದ್ದ ಪಾಲು, ಹಂಚಿದ ತುತ್ತು



ಮೊನ್ನೆ ಮೊಮ್ಮಗನ ಜೊತೆ ಟಿವಿಯಲ್ಲಿ ಒಂದು ಪತ್ತೇದಾರಿ ಕಂತು ನೋಡಿದೆ. ಕಳ್ಳರು ಒಟ್ಟಾಗಿ ಕದ್ದು, ಪಾಲಿಗಾಗಿ ಒಬ್ಬರನ್ನೊಬ್ಬರು ಮುಗಿಸುತ್ತಾರೆ. “ಸಮನಾಗಿ ಹಂಚಿಕೊಳ್ಳಬಹುದಿತ್ತಲ್ಲ ಅಜ್ಜ?” ಎಂದ ಹುಡುಗ.

ಕಥೆ ಹಳೆಯದು. ಬೌದ್ಧರ ವೇದಬ್ಭ ಜಾತಕದಲ್ಲಿ ನಿಧಿಗಾಗಿ ಹೊಡೆದಾಡಿ ಕೊನೆಗೆ ಇಬ್ಬರೇ ಕಳ್ಳರು ಉಳಿಯುತ್ತಾರೆ. ಅನ್ನ ತರಲು ಹೋದವನು ಅದಕ್ಕೆ ವಿಷ ಬೆರೆಸುತ್ತಾನೆ. ನಿಧಿ ಕಾಯುತ್ತಿದ್ದವನು ಅವನನ್ನು ಕಡಿದು, ಅದೇ ಅನ್ನ ಉಂಡು ಸಾಯುತ್ತಾನೆ.

ಟಿವಿಯವರು ಕಳ್ಳರನ್ನು ತೋರಿಸುತ್ತಾರೆ, ಕಳೆದುಕೊಂಡವರನ್ನಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ನ್ಯಾಮತಿಯ ಬ್ಯಾಂಕಿನಿಂದ 17 ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಎಲ್ಲವೂ ಜನರು ಕಷ್ಟಕ್ಕೆ ಅಡವಿಟ್ಟ ಒಡವೆ. ಅದರ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಬಾವಿಯೊಂದರಲ್ಲಿ.

ಇನ್ನು ನನ್ನ ಮಾತು. ನೌಕರಿಯಲ್ಲಿದ್ದಾಗ ಒಂದು ಕೆರೆ ಏರಿಗೆ ಹಾಕದ ಮಣ್ಣನ್ನು ಅಳತೆ ಪುಸ್ತಕದಲ್ಲಿ ಬರೆದರು. ಪಾಲು ತಿಂದವರು ಮೂವರು. ತನಿಖೆ ಬಂದಾಗ ಒಬ್ಬರ ಮೇಲೊಬ್ಬರು ಹೇಳಿದರು. ನಾನು ಹಣ ಮುಟ್ಟಲಿಲ್ಲ, ಆದರೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮರುಮಳೆಗೆ ಏರಿ ಒಡೆದು ಬಡವರ ಗದ್ದೆ ಕೊಚ್ಚಿಹೋಯಿತು. ನನ್ನ ಮೌನವೂ ಒಂದು ಪಾಲೇ ಆಗಿತ್ತು.

ಮೊಮ್ಮಗನಿಗೆ ಹೇಳಿದೆ: “ಹಂಚಿಕೊಳ್ಳಲು ನಂಬಿಕೆ ಬೇಕು ಮಗಾ. ಕದಿಯುವಾಗಲೇ ಅದು ಹೋಗಿರುತ್ತದೆ.”

ನಾವು ಅಲ್ಲಮಪ್ರಭುಗಳ ಬಳ್ಳಿಗಾವಿಯ, ಅಕ್ಕನ ಉಡುತಡಿಯ ನೆಲದವರು. ಸತ್ಯಶುದ್ಧ ಕಾಯಕದಿಂದ ಬಂದ ಅನ್ನವನ್ನು ದಾಸೋಹದ ಪಂಕ್ತಿಯಲ್ಲಿ ಯಾರೂ ಅನುಮಾನಿಸಿ ಉಣ್ಣುವುದಿಲ್ಲ. ಆ ನಿಶ್ಚಿಂತೆಯೇ ನಮ್ಮ ಸಂಪತ್ತು.