ಔಷಧದಾನಕ್ಕೂ ಅಳತೆ ಬೇಕು

(ದಶಲಕ್ಷಣ ಪರ್ವಕ್ಕೆ ಮುನ್ನ ಮುಂಬಯಿಯಲ್ಲಿ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಸ್ಪತ್ರೆಯೊಂದರ ಔಷಧಾಲಯದಲ್ಲಿ 31 ವರ್ಷ ದುಡಿದು ನಿವೃತ್ತನಾದವನು ನಾನು. ವೈದ್ಯನಲ್ಲ, ಶಾಸ್ತ್ರ ಓದಿದ ಪಂಡಿತನೂ ಅಲ್ಲ. ಸಸ್ಯೌಷಧಗಳ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಅವುಗಳ ಗುಣಗಾನವನ್ನು ನಿರೀಕ್ಷಿಸಿದ್ದರೆಂದು ತೋರುತ್ತದೆ. ಗುಣವನ್ನು ಖಂಡಿತ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕಾಗಿದೆ.

ಪುಣೆಯಲ್ಲಿರುವ ನಮ್ಮ ಸೋದರತ್ತೆಯವರಿಗೆ ಎಪ್ಪತ್ತು ದಾಟಿದೆ. ಬಹುಕಾಲದಿಂದ ಸಕ್ಕರೆ ಕಾಯಿಲೆ. ಅದಕ್ಕೆ ಗ್ಲಿಮೆಪಿರೈಡ್ ಮಾತ್ರೆ. ಒಂದು ಪರ್ವಕಾಲದಲ್ಲಿ ಅವರು ಏಕಭುಕ್ತ ಹಿಡಿದರು. ಮಾತ್ರೆಯನ್ನು ಎಂದಿನಂತೆಯೇ ನುಂಗಿದರು. ಬೆಳಗ್ಗೆ ಒಂದು ಲೋಟ ಹಾಗಲಕಾಯಿಯ ರಸ, ನೆನೆಸಿದ ಮೆಂತ್ಯ ಎಂದಿನಂತೆ ನಡೆದಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಕೈಕಾಲು ನಡುಗಿ ಬೆವರು ಇಳಿಯತೊಡಗಿತು. ಸೂರ್ಯಾಸ್ತದ ನಂತರ ಏನನ್ನೂ ಸೇವಿಸಬಾರದೆಂದು ಒಂದು ಚಮಚ ಸಕ್ಕರೆಯನ್ನೂ ಬಾಯಿಗೆ ಹಾಕಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ನಡುರಾತ್ರಿ ಸೊಸೆ ಎದ್ದು ನೋಡಿದಾಗ ಅವರಿಗೆ ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡರು. ಆಗ ವೈದ್ಯರು, "ಮಾತ್ರೆಯ ಜೊತೆಗೆ ಬೇರೆ ಔಷಧವೇನಾದರೂ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರು. "ಏನೂ ಇಲ್ಲ ಡಾಕ್ಟರೇ" ಎಂದರು ಅತ್ತೆ.

ಅವರು ಸುಳ್ಳು ಹೇಳಲಿಲ್ಲ. ಅವರ ಮನಸ್ಸಿನಲ್ಲಿ ಹಾಗಲಕಾಯಿಯೂ ಮೆಂತ್ಯವೂ ಔಷಧಗಳೇ ಅಲ್ಲ, ಅಡುಗೆಮನೆಯ ಪದಾರ್ಥಗಳು. ಅಂದಿನ ಅಪಾಯಕ್ಕೆ ಊಟವಿಲ್ಲದೆ ನುಂಗಿದ ಮಾತ್ರೆಯೇ ಮುಖ್ಯ ಕಾರಣ. ಆದರೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣ ಹಾಗಲಕಾಯಿಗೂ ಮೆಂತ್ಯಕ್ಕೂ ಸ್ವಲ್ಪಮಟ್ಟಿಗೆ ಇದೆ. ಇಳಿಸುವ ಶಕ್ತಿ ಇದೆಯೆಂದೇ ಅವುಗಳನ್ನು ಕುಡಿಯುತ್ತೇವೆ. ಅದೇ ಶಕ್ತಿ ಮಾತ್ರೆಯ ಶಕ್ತಿಯೊಡನೆ ಕೂಡಿಕೊಂಡೀತೆಂಬುದನ್ನು ಮಾತ್ರ ಮರೆಯುತ್ತೇವೆ. ಗುಣವಿರುವ ವಸ್ತುವಿಗೆ ದೋಷವೂ ಇರಬಲ್ಲದು. ಸಸ್ಯಮೂಲದ್ದು ಎಂದ ಮಾತ್ರಕ್ಕೆ ನಿರಪಾಯ ಎಂಬ ನಮ್ಮ ನಂಬಿಕೆಯನ್ನು ಇಂದು ಪರಿಶೀಲಿಸಬೇಕಾಗಿದೆ.

ಈ ನಂಬಿಕೆ ನಮ್ಮ ಪೂರ್ವಿಕರದಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವನ್ನು ರಚಿಸಿ, ಔಷಧಕ್ಕೆ ಮಾಂಸ ಅನಿವಾರ್ಯವೆಂಬ ವಾದವನ್ನು ಖಂಡಿಸಿದರು. ಆ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಬಂದಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಮಧು ಇಲ್ಲದ ಚಿಕಿತ್ಸೆ ಈ ಪರಂಪರೆಯ ವೈಶಿಷ್ಟ್ಯ. ಅದರ ಬಗ್ಗೆ ನಾವು ಅಭಿಮಾನ ಪಡುವುದು ಸಹಜ. ಆದರೆ ಅದೇ ಪರಂಪರೆಯ ಇನ್ನೊಬ್ಬ ಕವಿ, ಹದಿನಾಲ್ಕನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ವನ್ನು ಬರೆದದ್ದು ವಿಷದ ಮೇಲೆ. ನಮ್ಮ ದೇಶದ ವೈದ್ಯಶಾಸ್ತ್ರವು ವಿಷವನ್ನು ಎರಡಾಗಿ ವಿಂಗಡಿಸಿತು: ಪ್ರಾಣಿಗಳಿಂದ ಬರುವುದು ಜಂಗಮ, ಗಿಡಮರ ಖನಿಜಗಳಿಂದ ಬರುವುದು ಸ್ಥಾವರ. ಬೇರು, ಎಲೆ, ಬೀಜ, ಹಾಲುಗಳಲ್ಲಿ ವಿಷವಿರುತ್ತದೆಂಬುದನ್ನು ಅರಿತವರೇ ಸಸ್ಯೌಷಧವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಸಸ್ಯದ ಮೇಲಿನ ಭಕ್ತಿಯನ್ನು ನಾವು ಉಳಿಸಿಕೊಂಡಿದ್ದೇವೆ. ಸಸ್ಯದ ಮೇಲಿನ ಆ ಎಚ್ಚರವನ್ನು ಕಳೆದುಕೊಂಡಿದ್ದೇವೆ.

ಇನ್ನು ಗುಣದ ಮಾತು. ಗಿಡದಲ್ಲಿ ಔಷಧವಿದೆಯೇ ಎಂದು ಸಂಶಯಪಡುವವರಿಗೆ ನಮ್ಮ ಈ ಮುಂಬಯಿಯೇ ಉತ್ತರ ಕೊಟ್ಟಿದೆ. ಸರ್ಪಗಂಧದ ಬೇರನ್ನು ನಮ್ಮ ನಾಟಿವೈದ್ಯರು ಎಷ್ಟೋ ಕಾಲದಿಂದ ಬಳಸುತ್ತಿದ್ದರು. ಈ ನಗರದ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕ್ರಮಬದ್ಧವಾಗಿ ಕೊಟ್ಟು ಪರೀಕ್ಷಿಸಿ, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಲಾಯಿತು. ಅದು ಮಿಲಿಗ್ರಾಮಿನ ಭಾಗಗಳಲ್ಲಿ ಕೊಡಬೇಕಾದಷ್ಟು ಪ್ರಬಲ. ರೋಗಿಗಳನ್ನು ಗಮನಿಸುತ್ತ ಹೋದಂತೆ, ಕೆಲವರಲ್ಲಿ ಅದು ಮನಸ್ಸನ್ನು ಖಿನ್ನತೆಗೆ ನೂಕುತ್ತದೆಂಬುದೂ ಗೊತ್ತಾಯಿತು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಕೊಟ್ಟ ಮೇಲೆ ಏನನ್ನು ನೋಡುತ್ತಿರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅದನ್ನು ನೆಮ್ಮದಿಯಿಂದ ಬಳಸಲು ಸಾಧ್ಯವಾಯಿತು.

ಮನೆಯಲ್ಲಿ ಬಳಸುವ ಇಸಬ್‌ಗೋಲ್ ಇನ್ನೊಂದು ನಿದರ್ಶನ. ಮಲಬದ್ಧತೆಗೆ ಅದು ಒಳ್ಳೆಯ ಔಷಧ. ಕೊಲೆಸ್ಟರಾಲನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳಬಹುದು. ಬೇರೆ ಮಾತ್ರೆಗಳ ಜೊತೆಗೇ ತೆಗೆದುಕೊಂಡರೆ ಅವು ದೇಹಕ್ಕೆ ಸೇರುವುದನ್ನು ತಡೆಯಬಹುದು. ಒಂದೆರಡು ಗಂಟೆಯ ಅಂತರವಿರಲಿ. ನೀರನ್ನು ಮಿತಗೊಳಿಸುವ ವ್ರತದ ದಿನ ಅದನ್ನು ಬಿಡುವುದೇ ಒಳಿತು.

ಈಗ ಸೋರೆಕಾಯಿ. ಇಲ್ಲಿನ ಮಾರುಕಟ್ಟೆಯಲ್ಲಿ ದೂಧಿ ಎನ್ನುತ್ತಾರೆ. ಕಂದಮೂಲ ಬಿಟ್ಟ ನಮ್ಮ ಅಡುಗೆಮನೆಗಳಿಗೆ ಅದು ನಿತ್ಯದ ತರಕಾರಿ. ಅದರ ಹಸಿರಸ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಒಳ್ಳೆಯದೆಂದು ಬಹುಮಂದಿ ಕುಡಿಯುತ್ತಾರೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆಕಾಯಿಯ ರಸಕ್ಕೆ ಹಾಗಲಕಾಯಿಯ ರಸ ಬೆರೆಸಿ ಕುಡಿದು ಮೃತಪಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯೊಂದನ್ನು ನೇಮಿಸಿ ವಿಚಾರ ಮಾಡಿತು. ಕೆಲವೊಮ್ಮೆ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಹೆಚ್ಚಾಗಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ನಾಲಗೆಗೆ ಮಾತ್ರ ತಿಳಿಯುತ್ತದೆ. ಸಮಿತಿಯ ಸಲಹೆ ಸರಳವಾದುದು: ರಸ ತೆಗೆಯುವ ಮೊದಲು ಒಂದು ಚೂರನ್ನು ರುಚಿ ನೋಡಿ, ಕಹಿಯಿದ್ದರೆ ಎಸೆದುಬಿಡಿ. ಬೇರೆ ರಸದೊಡನೆ ಬೆರೆಸಬೇಡಿ. ಹಾಗಲದ ಕಹಿಯಲ್ಲಿ ಸೋರೆಯ ಕಹಿ ಮುಚ್ಚಿಹೋಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಕುಡಿದ ಮೇಲೆ ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೂರನೆಯದು ಅಮೃತಬಳ್ಳಿ. ಊರಿನಲ್ಲಿ ಬಳ್ಳಿಯನ್ನು ಗುರುತಿಸುವ ಹಿರಿಯರೊಬ್ಬರು ಇರುತ್ತಿದ್ದರು. ಇಲ್ಲಿ ನಮಗೆ ಗುಳವೇಲ್ ಎಂದೋ ಗಿಲೋಯ್ ಎಂದೋ ಪಕ್ಕದ ಮನೆಯವರು ಒಂದು ಕಡ್ಡಿ ಕೊಡುತ್ತಾರೆ. ಚೆನ್ನೈಯಲ್ಲಿ ಅದು ಸೀಂದಿಲ್, ಹೈದರಾಬಾದಿನಲ್ಲಿ ತಿಪ್ಪತೀಗ. ಹೆಸರು ಬದಲಾಗುತ್ತ ಹೋದಂತೆ ಬಳ್ಳಿಯೂ ಬದಲಾಗಿರಬಹುದು. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ದೇಶವೇ ಇದರ ಕಷಾಯ ಕುಡಿಯಿತು. 2020ರ ಕೊನೆಯ ತಿಂಗಳುಗಳಲ್ಲಿ ಇದೇ ಮುಂಬಯಿಯ ವೈದ್ಯರು, ಅದನ್ನು ಸೇವಿಸಿದ್ದ 6 ರೋಗಿಗಳಲ್ಲಿ ಯಕೃತ್ತಿನ ತೊಂದರೆಯನ್ನು ಕಂಡು ವರದಿ ಮಾಡಿದರು. ಆಯುಷ್ ಸಚಿವಾಲಯವು ಇದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪಾಗಿ ಬಳಸಿರಬಹುದೆಂದಿತು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಅಂತಹ 43 ರೋಗಿಗಳ ವಿವರವನ್ನು ಪ್ರಕಟಿಸಿದರು. ಬಳ್ಳಿಯನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು, ಎಲ್ಲರೂ ಅಲ್ಲ.

ಈ ವಿವಾದದಲ್ಲಿ ಯಾರ ಪಕ್ಷ ಹಿಡಿಯಬೇಕೆಂದು ಹಲವರು ನನ್ನನ್ನು ಕೇಳಿದ್ದಾರೆ. ಆಯುರ್ವೇದದ ಪರ, ಆಯುರ್ವೇದದ ವಿರುದ್ಧ ಎಂದು ರಾಜಕೀಯದ ಬಣ್ಣ ಹಚ್ಚುವುದರಿಂದ ರೋಗಿಗೆ ಏನು ಲಾಭ? ಬಳ್ಳಿ ಸರಿಯಾದದ್ದೇ ಆಗಿದ್ದು ಕೆಲವರಿಗೆ ಒಗ್ಗದಿರಬಹುದು, ಬಳ್ಳಿಯೇ ಬೇರೆಯಾಗಿರಬಹುದು. ಕುಡಿಯುವವನ ಪಾಲಿಗೆ ಎರಡರಿಂದಲೂ ಹೊರಡುವ ಪಾಠ ಒಂದೇ: ಗುರುತು ತಿಳಿಯದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಬೇಡಿ. ಯಕೃತ್ತಿನ ತೊಂದರೆಯಿರುವವರು, ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಯವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅಂದೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ಇನ್ನೂ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಕೆಮ್ಮಿಗೆ ಜೇಷ್ಠಮಧು ಹಿತ. ಆದರೆ ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಸೋನಾಮುಖಿ ಹೊಟ್ಟೆಯನ್ನು ಸಡಿಲಿಸುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಅದೂ ಪೊಟ್ಯಾಸಿಯಂ ಕಳೆಯುತ್ತದೆ. ಹೃದಯಕ್ಕೆ ಡಿಗಾಕ್ಸಿನ್, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಆಹಾರ; ಕಾಳುಮೆಣಸಿನ ಸತ್ವ ಬೆರೆಸಿ ಹೀರಿಕೆ ಹೆಚ್ಚಿಸಿದ ಅರಿಶಿನದ ಕ್ಯಾಪ್ಸೂಲ್ ಬೇರೆಯೇ ವಸ್ತು. ರಕ್ತವನ್ನು ತೆಳುವಾಗಿಸುವ ಮಾತ್ರೆಯವರು ಅದರಿಂದ ದೂರವಿರಲಿ. ಹುದುಗಿಸಿ ತಯಾರಿಸುವ ಆಸವ, ಅರಿಷ್ಟಗಳಲ್ಲಿ ಮದ್ಯಸಾರ ತಾನಾಗಿಯೇ ಹುಟ್ಟುತ್ತದೆ. ಸಸ್ಯೌಷಧವೆಂದು ಕಣ್ಣುಮುಚ್ಚಿ ಕುಡಿಯುವ ವ್ರತಿಗಳು ಚೀಟಿಯನ್ನು ಓದಲಿ. ಗರ್ಭಿಣಿಯರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಯಾವ ಚೂರ್ಣವನ್ನೂ ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಕ್ಯಾಪ್ಸೂಲಿನ ಹೊದಿಕೆಯ ಜಿಲೆಟಿನ್ ಪ್ರಾಣಿಮೂಲದ್ದೆಂದು ತಿಳಿದು ಚಿಕಿತ್ಸೆಯನ್ನೇ ಬಿಟ್ಟವರನ್ನು ನಾನು ಔಷಧಾಲಯದಲ್ಲಿ ಕಂಡಿದ್ದೇನೆ. ಬಿಡುವ ಮೊದಲು ಕೇಳಿ. ಬಹಳಷ್ಟು ಔಷಧಗಳು ಮಾತ್ರೆಯ ರೂಪದಲ್ಲಿಯೂ ಸಿಗುತ್ತವೆ. ಸಸ್ಯದ ಸೆಲ್ಯುಲೋಸಿನಿಂದ ಮಾಡಿದ ಹೊದಿಕೆಯೂ ಇದೆ. ವೈದ್ಯರ ಒಪ್ಪಿಗೆಯಿಂದ ಬದಲಿಸಿಕೊಳ್ಳಬಹುದು. ಅಹಿಂಸೆಯನ್ನು ಪಾಲಿಸಲು ಚಿಕಿತ್ಸೆಯನ್ನು ತೊರೆಯಬೇಕಾದ ಸಂದರ್ಭ ನಾವು ಭಾವಿಸಿದಷ್ಟು ಸಾಮಾನ್ಯವಲ್ಲ.

ಸಕ್ಕರೆ ಕಾಯಿಲೆಯನ್ನು, ಕ್ಯಾನ್ಸರನ್ನು ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಎಪ್ಪತ್ತು ವರ್ಷ ಕಳೆದರೂ ಅವು ನಿಂತಿಲ್ಲ. ಸರ್ಕಾರ ತನ್ನ ಕರ್ತವ್ಯ ಮಾಡಲಿ ಎಂದು ಒತ್ತಾಯಿಸೋಣ. ಆದರೆ ಅಂತಹುದೇ ಸಂದೇಶವನ್ನು ನಮ್ಮ ಸಮಾಜದ ವಾಟ್ಸ್ಆಪ್ ಗುಂಪಿಗೆ ಹಾಕುವವರು ಸರ್ಕಾರದವರಲ್ಲ, ನಾವೇ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಪರ್ವಕಾಲದಲ್ಲಿ ಬಸದಿಯ ಮುಂದೆ ಪುಣ್ಯವೆಂದು ಕಷಾಯ, ಚೂರ್ಣ ಹಂಚುವುದೂ ಉಂಟು. ಪಡೆಯುವವರ ಕಾಯಿಲೆ ಯಾವುದು, ಅವರು ನುಂಗುತ್ತಿರುವ ಮಾತ್ರೆ ಯಾವುದು ಎಂದು ಕೇಳದೆ ಕೊಟ್ಟದ್ದು ಔಷಧದಾನವಾದೀತೇ? ಔಷಧದಾನವು ಅಭಯದಾನವನ್ನು ಕೆಡಿಸಬಾರದು. ಆದುದರಿಂದ ನನ್ನ ವಿನಂತಿ ಮೂರು.

ಮೊದಲನೆಯದು, ಹಂಚುವ ಪೊಟ್ಟಣದ ಮೇಲೆ ಅದರಲ್ಲಿರುವ ಎಲ್ಲ ವಸ್ತುಗಳ ಹೆಸರು, ಪ್ರಮಾಣ, ಯಾರು ಸೇವಿಸಬಾರದೆಂಬ ಎಚ್ಚರಿಕೆ ಕನ್ನಡದಲ್ಲಿರಲಿ; ಓದಿದ ವೈದ್ಯರೊಬ್ಬರು ಅದನ್ನು ಒಪ್ಪಿರಲಿ. ಎರಡನೆಯದು, ಪ್ರತಿ ಮನೆಯಲ್ಲಿ ಹಿರಿಯರು ಸೇವಿಸುವ ಮಾತ್ರೆ, ಕಷಾಯ, ರಸ, ಚೂರ್ಣ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟು ವೈದ್ಯರಲ್ಲಿಗೆ ಹೋಗುವಾಗ ಒಯ್ಯಿರಿ. ಯಾವುದಾದರೂ ಔಷಧದಿಂದ ತೊಂದರೆಯಾದರೆ ಅದನ್ನು ವೈದ್ಯರ ಮೂಲಕ ವರದಿ ಮಾಡಿಸಿ. ಅದಕ್ಕೆಂದೇ ಸರ್ಕಾರದ ವ್ಯವಸ್ಥೆಯಿದೆ. ಮೂರನೆಯದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಉಪವಾಸ ಹಿಡಿಯುವ ಮೊದಲೇ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಲಿ. ಆಪತ್ತು ಬಂದರೆ ಏನು ಮಾಡಬೇಕೆಂಬುದನ್ನು ಗುರುಗಳಲ್ಲಿ ಮೊದಲೇ ಕೇಳಿ ತಿಳಿದಿರಲಿ. ಆ ಪ್ರಶ್ನೆಯನ್ನು ರಾತ್ರಿ ಒಂಬತ್ತಕ್ಕೆ, ನಡುಗುತ್ತ, ಒಬ್ಬರೇ ನಿರ್ಧರಿಸುವಂತಾಗಬಾರದು.

ಅತ್ತೆಯವರು ಈಗಲೂ ಹಾಗಲಕಾಯಿ ತಿನ್ನುತ್ತಾರೆ, ಪಲ್ಯ ಮಾಡಿಕೊಂಡು. ಈ ಸಲ ಪರ್ವಕ್ಕೆ ಹದಿನೈದು ದಿನ ಮೊದಲೇ ವೈದ್ಯರಲ್ಲಿಗೆ ಹೋಗಿ, ತಾವೇ ಬರೆದ ಹಾಳೆಯನ್ನು ಮುಂದಿಟ್ಟಿದ್ದಾರೆ. ಅದರಲ್ಲಿ ಮೆಂತ್ಯವೂ ಇದೆ. ಉತ್ತಮ ಸತ್ಯದ ದಿನ ನಾವೆಲ್ಲರೂ ಸತ್ಯದ ಪ್ರವಚನ ಕೇಳುವವರೇ. ವೈದ್ಯರ ಮುಂದೆಯೂ ಅದನ್ನು ಪಾಲಿಸೋಣ.